ಕೆಂಪಿನ ಮೇಲೆ ಕಪ್ಪು

“ಬಾಯಿ ತೆಗಿ,” ಎಂದಳು ದಾಯ್‌ನ ಹೆಂಡತಿ.

ದೋಣಿಯ ದಾಯ್ ಅಗೆನ್ ಬಾಯಿ ತೆರೆದ. ಕೊರಳಿಗೆ ತೊಡಿಸಿದ್ದ ಮರದ ಹಲಗೆ ಅವನ ತೋಳಿಗಿಂತ ಅಗಲವಾಗಿತ್ತು. ತನ್ನ ಕೈಯನ್ನು ತನ್ನ ಬಾಯಿಗೇ ತಂದುಕೊಳ್ಳಲಾರ. ಅವಳು ಒಂದು ಚಮಚ ಗಂಜಿಯ ಮೇಲೆ ಉಪ್ಪಿನ ಮೂಲಂಗಿಯ ಚೂರಿಟ್ಟು ತಿನ್ನಿಸಿದಳು. ಮೂಗಿನ ಮೇಲೆ ನೊಣ ಕೂತರೂ ಅವಳೇ ಓಡಿಸಬೇಕು.

ಕಚೇರಿಯ ಅಂಗಳದಲ್ಲಿ ಒಂಬತ್ತು ದಿನದಿಂದ ಹೀಗೇ ಕೂತಿದ್ದ. ಮುದ್ರೆಯ ಗುಮಾಸ್ತ ಶಾವೊನನ್ನು ಕೊಂದು ತನ್ನ ದೋಣಿಯ ಕೆಳಗೇ ತುರುಕಿದ ಎಂಬುದು ಅವನ ಮೇಲಿನ ಆರೋಪ.

“ದಫೇದಾರಣ್ಣ, ಇವತ್ತೇನಾಗತ್ತೆ?” ಎಂದಳು ನನ್ನನ್ನು ನೋಡಿ.

“ಆಗೋದಾಗತ್ತೆ. ಗಂಜಿ ತಿನ್ನಿಸು.”

“ಯೆನ್ ಮೇಷ್ಟ್ರ ಹತ್ರ ಅರ್ಜಿ ಬರೆಸೋಣ ಅಂತ ಬೆಳಗ್ಗೇನೇ ಹೋಗಿದ್ದೆ. ಬಾಗಿಲು ಹಾಕಿತ್ತು. ಪಾಠಾನೂ ಇಲ್ವಂತೆ.”

“ಮೈ ಹುಷಾರಿಲ್ಲವೇನೋ. ಅರ್ಜಿ ಓದೋರು ಯಾರಿದ್ದಾರೆ ಇಲ್ಲಿ? ಸುಮ್ನಿರು.”

ಒರಟಾಗಿ ಹೇಳಿದೆ. ಮೆತ್ತಗೆ ಹೇಳಿದ್ದರೆ ಅವಳು ಅಳುತ್ತಿದ್ದಳು. ಅವಳು ಅತ್ತಿದ್ದರೆ ನಾನು ಯಾರಿಗಾದರೂ ಹೊಡೆಯುತ್ತಿದ್ದೆ.

ದಾಯ್ ಹಲಗೆಯ ಮೇಲಿಂದ ಕಣ್ಣೆತ್ತಿ ನೋಡಿದ. “ಗೆಂಗಣ್ಣ, ನನ್ನಿಂದ ನೀನೂ ಏಟು ತಿಂದೆ.”

“ನಿನ್ನಿಂದಲ್ಲ ಮಾರಾಯ. ನನ್ನ ನಾಲಿಗೆಯಿಂದ.”

ಅದು ನಿಜ. ದಾಯ್‌ನ ಬಾಯಿಂದ ತಪ್ಪೊಪ್ಪಿಗೆ ಹೊರಡಿಸಲು ದಂಡಾಧಿಕಾರಿ ನನಗೆ ಐದು ದಿನದ ಗಡುವು ಕೊಟ್ಟಿದ್ದರು. ಐದನೆಯ ದಿನ ನಾನು ಬರಿಗೈಲಿ ಹೋಗಿ, ಇವನು ಕೊಂದಿಲ್ಲ ಎಂದೆ. ಇಪ್ಪತ್ತು ಬಿದಿರೇಟು ಬಿತ್ತು. ಅವತ್ತಿನಿಂದ ಬೋರಲು ಮಲಗುತ್ತಿದ್ದೇನೆ.

ಇವತ್ತು ಮಧ್ಯಾಹ್ನದೊಳಗೆ ಎಲ್ಲ ಮುಗಿಯಬೇಕು. ನದಿಯಲ್ಲಿ ನಿಂತಿರುವ ಆಂಗ್ಲರ ತೋಪಿನ ಹಡಗು ದಿನಾ ನಡುಹಗಲಿಗೆ ಒಂದು ಗುಂಡು ಹಾರಿಸುತ್ತದೆ. ಆ ಸದ್ದಿನ ಹೊತ್ತಿಗೆ ದಂಡಾಧಿಕಾರಿ ಚು, ಆಂಗ್ಲರ ಪ್ರತಿನಿಧಿ ಕಾನ್ಸಲ್‌ನ ಎದುರು, ಅವರ ಹಾರ್ಕ್‌ನೆಸ್ ಕಂಪನಿಯ ಗುತ್ತಿಗೆ ಪತ್ರ ಸಾಚಾ ಎಂದು ಬರೆದುಕೊಡಬೇಕು. ಪತ್ರ ಸಾಚಾ ಆದರೆ ಪಡುವಣ ದಡ ಕಂಪನಿಗೆ ಶಾಶ್ವತ ಗುತ್ತಿಗೆ. ಮುದ್ರೆ ಒತ್ತಿದವನು ಶಾವೊ. ದಡ ಕಳೆದುಕೊಂಡ ಸಿಟ್ಟಿಗೆ ದೋಣಿಯವನು ಅವನನ್ನು ಕೊಂದ. ಲೆಕ್ಕ ಸರಿಹೋಯಿತು, ದಾಯ್‌ನ ತಲೆ ಹೋಯಿತು.

ಪತ್ರ ಸುಳ್ಳಾದರೆ ಮಾತೇ ಬೇರೆ. ಆಗ ಸತ್ತ ದಿನ ಶಾವೊ ದಡಕ್ಕೆ ಬಂದದ್ದು ದೋಣಿಯವರನ್ನು ಎಚ್ಚರಿಸಲು. ಅವನನ್ನು ಕೊಂದವನು ಪತ್ರ ಹುಟ್ಟಿಸಿದವನು.

ಆ ಪತ್ರವನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಕಚೇರಿಗೆ ಬಂದದ್ದು ನಕಲು ಮಾತ್ರ. ಮೂಲ ಕಾನ್ಸಲ್‌ನ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಆ ಪೆಟ್ಟಿಗೆ ಈಗತಾನೇ, ಇಬ್ಬರು ಆಳುಗಳ ಹೆಗಲ ಮೇಲೆ, ನನ್ನ ಮುಂದೆಯೇ ಒಳಗೆ ಹೋಗಿತ್ತು.

ನಾನೂ ಹೋದೆ.

* * *

ಅತಿಥಿಗಳ ಪಡಸಾಲೆಯಲ್ಲಿ ಮೂವರಿದ್ದರು.

ದಂಡಾಧಿಕಾರಿ ಚು ನಡುವೆ ಕೂತಿದ್ದರು. ನಮ್ಮ ಲ್ಯೂಪುವಿಗೆ ಬಂದು ಇನ್ನೂ ಹದಿನೈದು ದಿನ. ಹಿಂದಿನವರು ಜ್ವರದಿಂದ ತೀರಿಕೊಂಡದ್ದರಿಂದ ಅವಸರದಲ್ಲಿ ಕಳಿಸಿದ್ದರು. ಪಕ್ಕದ ಜಿಲ್ಲೆಯಲ್ಲಿ ಒಬ್ಬ ಪೇದೆ ಕಂಪನಿ ಆಳಿನ ಜಡೆ ಹಿಡಿದು ಎಳೆದದ್ದಕ್ಕೆ ಅಲ್ಲಿನ ದಂಡಾಧಿಕಾರಿಯ ಟೋಪಿಯ ಮೇಲಿನ ಪದವಿಯ ಗುಂಡಿಯೇ ಕಿತ್ತುಹೋಗಿತ್ತು. ಆ ಕಥೆ ಕೇಳಿಕೊಂಡೇ ಬಂದ ಮನುಷ್ಯ. ಅವರ ಕೈ ಚಹಾದ ಬಟ್ಟಲಿನ ಪಕ್ಕದಲ್ಲೇ ಇತ್ತು. ಬಟ್ಟಲು ಎತ್ತಿದರೆ ಭೇಟಿ ಮುಗಿಯಿತು, ಅತಿಥಿಗಳು ಎದ್ದು ಹೋಗಬೇಕು. ಅದನ್ನು ಎತ್ತುವ ಆತುರ ಅವರ ಬೆರಳುಗಳಲ್ಲಿ ಕಾಣುತ್ತಿತ್ತು.

ಬಲಗಡೆ ಕಾನ್ಸಲ್ ಪೆಲ್‌ಹ್ಯಾಮ್. ಉದ್ದಕ್ಕೆ, ಒಣಗಿದ ಮೀನಿನ ಹಾಗಿದ್ದ. ಬಿಡುವಿದ್ದಾಗ ಬೆಟ್ಟಕ್ಕೆ ಹೋಗಿ ಜೀರುಂಡೆ ಹಿಡಿದು ತಂದು ಸೂಜಿ ಚುಚ್ಚಿ ಇಡುತ್ತಾನೆಂದು ಊರೆಲ್ಲ ನಗುತ್ತಿತ್ತು.

ಎಡಗಡೆ ಕಂಪನಿಯ ದಲ್ಲಾಳಿ ಕ್ವಾಂಗ್. ಕ್ಯಾಂಟನ್ ಕಡೆಯವನು. ರೇಷ್ಮೆ ಅಂಗಿ, ಮೇಲೊಂದು ಪರದೇಶಿ ಗಡಿಯಾರ. ಎಡಗೈಯ ಬೆರಳುಗಳ ನಡುವೆ ಬೆಳ್ಳಿಯ ಎಂಥದೋ ಸಣ್ಣ ವಸ್ತು ಸುತ್ತುತ್ತಿತ್ತು.

“ಓಹೋ, ದಫೇದಾರರು! ಬನ್ನಿ ಬನ್ನಿ, ಕೂತ್ಕೊಳ್ಳಿ,” ಎಂದ ಕ್ವಾಂಗ್. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದ. “ಅಯ್ಯೋ ಮರೆತೆ. ಕೂರೋಕಾಗಲ್ಲ ಅಲ್ವಾ?”

“ನಿಂತೇ ಮಾತಾಡ್ತೀನಿ. ನಿಮಗೆ ಕೂತು ಕೇಳೋ ಧೈರ್ಯ ಇದ್ರೆ ಸಾಕು.”

“ಗೆಂಗ್!” ಎಂದರು ದಂಡಾಧಿಕಾರಿ. “ನಾನು ನಿನ್ನ ಕರೆದಿಲ್ಲ.”

ನಾನು ಮೊಣಕಾಲೂರಿದೆ. ಬೆನ್ನ ಕೆಳಗಿನ ಗಾಯ ಬಿರಿದು ಬೆಂಕಿ ಹತ್ತಿದಂತಾಯಿತು.

“ಮಹಾಸ್ವಾಮಿ, ಈ ಪತ್ರ ಸುಳ್ಳು. ಮೂಲ ಒಂದು ಸಲ ತೋರ್ಸಿ. ಸಾಚಾ ಅಂತ ಕಂಡ್ರೆ ಇನ್ನೊಂದು ನಲವತ್ತು ಏಟು ಹೊಡ್ಸಿ. ಎಣಿಸೋ ಕೆಲಸ ಕ್ವಾಂಗ್ ಅವರಿಗೇ ಕೊಡಿ.”

“ನೋಡಿ ಸ್ವಾಮಿ,” ಎಂದ ಕ್ವಾಂಗ್, “ಪರದೇಶಿಗಳಿಗೆ ಜಾಗ ಗುತ್ತಿಗೆ ಕೊಡಬಹುದು ಅನ್ನೋ ಒಪ್ಪಂದದ ಹನ್ನೆರಡನೇ ಕಲಮು ಓದಿದ ಸಾಮ್ರಾಟರ ಮಂತ್ರಿಗಳಿಗೇ ಅನುಮಾನ ಬರಲಿಲ್ಲ. ನಿಮ್ಮ ಪೇದೆಗೆ ಬಂದಿದೆ. ಇವನಿಗೆ ಓದೋಕಾದ್ರೂ ಬರತ್ತಾ?”

“ನಾಲ್ಕು ಚಳಿಗಾಲ ಶಾಲೆಗೆ ಹೋಗಿದ್ದೀನಿ. ನಿಮ್ಮಂಥೋರ ಸುಳ್ಳು ಓದೋಕೆ ಅಷ್ಟು ಸಾಕು.”

ಒಪ್ಪಂದ! ಆ ಮಾತು ಕೇಳಿದರೆ ನನ್ನ ತಲೆ ಕೆಡುತ್ತದೆ. ಅದಕ್ಕೆ ರುಜು ಹಾಕುವಾಗ ನಮ್ಮ ದಡದ ಯಾವ ಅಂಬಿಗನನ್ನೂ ಯಾರೂ ಕೇಳಿರಲಿಲ್ಲ. ತೋಪುಗಳು ಕೇಳಿದವು, ಪೀಕಿಂಗ್ ಹೂಂಗುಟ್ಟಿತು. ಈಗ ಉಗಿಹಡಗು ಬರಲು ಆಳವಾದ ನೀರು ಬೇಕಂತೆ. ಆಳವಾದ ನೀರಿರುವುದು ಪಡುವಣ ದಡದಲ್ಲಿ. ಅಲ್ಲಿ ನಲವತ್ತು ಮನೆಯವರು ಅಜ್ಜನ ಕಾಲದಿಂದ ದೋಣಿ ಎಳೆದು ಕಟ್ಟಿಕೊಂಡು ಬಂದಿದ್ದಾರೆ.

ದಂಡಾಧಿಕಾರಿಯ ಕೈ ಬಟ್ಟಲಿಗೆ ತಾಗಿತು.

ತಡೆದವನು ಕಾನ್ಸಲ್.

“ಮಾನ್ಯರೇ, ಕ್ಷಮೆಯಿರಲಿ. ಈ ಅಧಿಕಾರಿಯು ಪತ್ರವನ್ನು ಅವಲೋಕಿಸುವುದಕ್ಕೆ ನನ್ನ ಆಕ್ಷೇಪಣೆ ಇರುವುದಿಲ್ಲ.”

ನಮ್ಮ ಮಾತನ್ನು ಪುಸ್ತಕದಿಂದ ಕಲಿತವನು ಅವನು. ಬಾಯಿ ಬಿಟ್ಟರೆ ನಾಟಕದ ಮಂತ್ರಿ ರಂಗಕ್ಕೆ ಬಂದ ಹಾಗೆ. ಆದರೆ ಆ ಹೊತ್ತಿಗೆ ನನಗೆ ನಗು ಬರಲಿಲ್ಲ.

“ಕಾನ್ಸಲ್ ದೊರೆಗಳೇ,” ಎಂದ ಕ್ವಾಂಗ್ ಮೆಲ್ಲಗೆ, “ಇದು ಕಂಪನಿಗೆ ಅವಮಾನ.”

“ಪತ್ರವು ಸತ್ಯವಾಗಿದ್ದಲ್ಲಿ ಅವಲೋಕನದಿಂದ ಅದು ಸವೆಯಲಾರದು,” ಎಂದು ಕಾನ್ಸಲ್ ಬೀಗದ ಕೈ ತೆಗೆದ.

ನಾನು ಕೈ ಎತ್ತಿದೆ. “ಪತ್ರ ತೆಗೆಯೋಕೆ ಮುಂಚೆ ದಲ್ಲಾಳಿಯವರನ್ನ ಎರಡು ಮಾತು ಕೇಳ್ಬೇಕು. ದೊರೆಗಳ ಎದುರಿಗೇ.”

* * *

“ಪತ್ರದ ತಾರೀಖು ಯಾವುದು?”

“ನಕಲಲ್ಲೇ ಇದೆಯಲ್ಲ. ಹನ್ನೆರಡನೇ ತಿಂಗಳ ಇಪ್ಪತ್ತೇಳು.”

“ಆ ತಿಂಗಳ ಇಪ್ಪತ್ತಕ್ಕೇ ಕಚೇರಿ ಮುದ್ರೆನ ಹಳದಿ ಬಟ್ಟೆಲಿ ಸುತ್ತಿ, ಪೆಟ್ಟಿಗೆಗೆ ಅರಗು ಹಾಕಿ ಪೂಜೆ ಮಾಡಿದ್ವಿ. ತೆರೆದದ್ದು ಹೊಸ ವರ್ಷ ಕಳೆದ ಮೇಲೆ, ಮುಚ್ಚಿ ಒಂದು ತಿಂಗಳಿಗೆ. ದೇಶದ ಎಲ್ಲಾ ಕಚೇರೀಲೂ ಅದೇ ಪದ್ಧತಿ. ಮುಚ್ಚಿದ ಮುದ್ರೆ ನಿಮ್ಮ ಕಾಗದದ ಮೇಲೆ ಹೆಂಗೆ ಬಿತ್ತು?”

ದಂಡಾಧಿಕಾರಿ ತಲೆ ಎತ್ತಿದರು. ಪದ್ಧತಿ ಅವರಿಗೂ ಗೊತ್ತು, ತಾರೀಖಿನ ಮೇಲೆ ಸುಮ್ಮನೆ ಕಣ್ಣು ಓಡಿಸಿದ್ದರು ಅಷ್ಟೆ.

ಕ್ವಾಂಗ್ ನಕ್ಕ. ಈ ಪ್ರಶ್ನೆಗೆ ಅವನು ತಯಾರಾಗಿಯೇ ಬಂದಿದ್ದ.

“ತೀರಿಕೊಂಡ ದೊಡ್ಡವರು ನಮಗೆ ಮಾಡಿದ ಉಪಕಾರ ಅದು. ಹಡಗು ಹೊರಡೋದಿತ್ತು. ಕಂಪನಿ ಮೇಲಿನ ಪ್ರೀತಿಗೆ ಪೆಟ್ಟಿಗೆ ತೆರೆಸಿ ಮುದ್ರೆ ಹಾಕಿಸಿದರು. ಮತ್ತೆ ಮುಚ್ಚಿದರು. ಯಾರಿಗೂ ಹೇಳಬೇಡಿ ಅಂದಿದ್ರು, ಪಾಪ.”

“ನೀವು ಅಲ್ಲಿದ್ರಾ?”

“ಇದ್ದೆ.”

“ಕಣ್ಣಾರೆ ಕಂಡ್ರಾ?”

“ಕಣ್ಣಾರೆ ಕಂಡೆ. ಶಾವೊನೇ ಒತ್ತಿದ್ದು.”

“ಬರಹ ಯಾವಾಗ ಬರೆದದ್ದು?”

“ಮೊದಲೇ ಬರೆದುಕೊಂಡು ಹೋಗಿದ್ವಿ. ಬರೆಯದೆ ಇರೋ ಹಾಳೆಗೆ ಯಾರಾದ್ರೂ ಮುದ್ರೆ ಒತ್ತುತ್ತಾರಾ, ದಫೇದಾರರೇ?”

“ಮೊದಲು ಬರಹ. ಆಮೇಲೆ ಮುದ್ರೆ.”

“ಹೌದು.”

“ಇನ್ನೊಂದ್ಸಲ ಹೇಳಿ. ದೊರೆಗಳಿಗೆ ಕೇಳಿಸಲಿ.”

“ಮೊದಲು ಬರಹ, ಆಮೇಲೆ ಮುದ್ರೆ! ಕಿವಿ ಮೇಲೂ ಬಿದಿರೇಟು ಬಿದ್ದಿದೆಯೇನು?”

“ಪತ್ರ ತೆಗೀರಿ, ದೊರೆಗಳೇ,” ಎಂದೆ.

ಬರೆಯದ ಹಾಳೆಗೂ ಮುದ್ರೆ ಒತ್ತುತ್ತಾರೆ. ಕಚೇರಿಯ ಒಳಗಿನವರಿಗೆ ಮಾತ್ರ ಗೊತ್ತಿರುವ ವಿಷಯ ಅದು. ಮುದ್ರೆ ಮುಚ್ಚಿರುವ ತಿಂಗಳಲ್ಲಿ ಕಳ್ಳರು ಸುಮ್ಮನಿರುವುದಿಲ್ಲ. ಬೆಂಕಿ ಬೀಳುವುದೂ ನಿಲ್ಲುವುದಿಲ್ಲ. ಅದಕ್ಕೆ ಮುಚ್ಚುವ ಮುಂಚೆ ಕೆಲವು ಖಾಲಿ ಹಾಳೆಗಳಿಗೆ ಮುದ್ರೆ ಒತ್ತಿ ಇಡುತ್ತಾರೆ. ಬೇಕಾದಾಗ ಬರೆದುಕೊಳ್ಳಬೇಕು, ಉಳಿದದ್ದನ್ನು ತಿರುಗಿ ಕೊಡಬೇಕು. ಈ ಸಲ ಹನ್ನೆರಡು ಹಾಳೆ. ಆರು ಹಾಗೇ ಉಳಿದವು, ಕಚೇರಿಯಲ್ಲೇ ಸುಟ್ಟರು. ಮೂರು ಸೆರೆಮನೆಯ ಮೇಲ್ವಿಚಾರಕ ಲೂ ಹತ್ತಿರ. ಮೂರು ನನ್ನ ಹತ್ತಿರ, ಕಳ್ಳರ ವಾರಂಟಿಗೆ. ನನ್ನವುಗಳ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಎರಡು ಬಳಕೆಯಾಗಿದ್ದವು, ಇನ್ನೊಂದು ಕೆಟ್ಟುಹೋಗಿ ಸುಟ್ಟಿತ್ತು. ನನ್ನ ಕಣ್ಣಿದ್ದದ್ದು ಲೂ ಮೇಲೆ. ಎರಡು ದಿನದಿಂದ ಅವನ ಹಾಳೆಗಳನ್ನೇ ವಿಚಾರಿಸುತ್ತಿದ್ದೆ.

ಕಾನ್ಸಲ್ ಪತ್ರವನ್ನು ಮೇಜಿನ ಮೇಲೆ ಹಾಸಿದ. ಅಚ್ಚು ಹಾಕಿದಂಥ ಕಚೇರಿ ಅಕ್ಷರ, ಯಾರು ಬರೆದರೂ ಒಂದೇ ರೀತಿ ಕಾಣುವಂಥದು. ಕೊನೆಯಲ್ಲಿ ತಾರೀಖಿನ ಮೇಲೆ ಕೆಂಪು ಚೌಕದ ಮುದ್ರೆ, ನನ್ನ ಅಂಗೈಯಷ್ಟು.

ನಾನು ಅಕ್ಷರ ಓದಲಿಲ್ಲ. ಮೂಗು ತಾಗುವಷ್ಟು ಬಗ್ಗಿ, ಕೆಂಪು ಗೆರೆಯನ್ನು ಕಪ್ಪು ಗೆರೆ ಎಲ್ಲಿ ದಾಟುತ್ತದೆ ಎಂದು ನೋಡಿದೆ. ಮೂರು ಕಡೆ ನೋಡಿದೆ. ಎದ್ದು ನಿಂತಾಗ ನನಗೆ ಬೆನ್ನಿನ ನೋವೇ ಇರಲಿಲ್ಲ.

“ದೊರೆಗಳೇ, ಜೀರುಂಡೆ ನೋಡೋ ಗಾಜು ತಂದಿದ್ದೀರಾ?”

ಅವನು ಮುಖ ಕೆಂಪಗೆ ಮಾಡಿಕೊಂಡು ಜೇಬಿನಿಂದ ಭೂತಗನ್ನಡಿ ತೆಗೆದ.

“ಬರೆದ ಮೇಲೆ ಮುದ್ರೆ ಒತ್ತಿದ್ರೆ ಕೆಂಪು ಮೇಲಿರಬೇಕು, ಕಪ್ಪು ಅದರ ಕೆಳಗೆ. ಇಲ್ಲಿ ನೋಡಿ. ಇಲ್ಲಿ. ಮತ್ತಿಲ್ಲಿ. ಯಾವುದು ಮೇಲಿದೆ?”

ಕಾನ್ಸಲ್ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ದಂಡಾಧಿಕಾರಿ ಬಟ್ಟಲು ಬಿಟ್ಟು ಎದ್ದು ಬಂದರು.

“ಕಪ್ಪು,” ಎಂದ ಕಾನ್ಸಲ್. ನಾಟಕದ ಮಾತು ಮರೆತೇ ಹೋಗಿತ್ತು. “ಕಪ್ಪು ಮೇಲಿದೆ.”

“ಮುದ್ರೆ ಮೊದಲು, ಬರಹ ಆಮೇಲೆ. ಇದು ಕದ್ದ ಖಾಲಿ ಹಾಳೆ, ಮಹಾಸ್ವಾಮಿ. ಇವರು ಕಣ್ಣಾರೆ ಕಂಡದ್ದು ಏನು ಅಂತ ಈಗ ಇವರೇ ಹೇಳ್ಲಿ.”

ದಂಡಾಧಿಕಾರಿ ತಾವೇ ಗಾಜು ಹಿಡಿದು ನೋಡಿದರು. ಅವರ ಕತ್ತು ಮೊದಲ ಬಾರಿಗೆ ನೆಟ್ಟಗಾಯಿತು. ಒಬ್ಬ ಅಧಿಕಾರಿಗೆ, ಪರದೇಶಿಯ ಎದುರು, ಇಲ್ಲ ಎನ್ನುವ ಅವಕಾಶ ಸಿಗುವುದು ಎಷ್ಟು ಅಪರೂಪ ಎಂದು ಆ ಕತ್ತನ್ನು ನೋಡಿ ತಿಳಿಯಿತು.

“ಕ್ವಾಂಗ್,” ಎಂದರು. “ನೀನು ನನ್ನೆದುರು ಸುಳ್ಳು ಹೇಳಿದೆ.”

ತೆರೆದ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ದಾಯ್‌ನ ಹೆಂಡತಿ ಬಟ್ಟಲು ಕೈಯಲ್ಲಿ ಹಿಡಿದು ಇತ್ತಲೇ ನೋಡುತ್ತಿದ್ದಳು. ನಾನು ಅವಳಿಗೆ ತಲೆ ಆಡಿಸಿಬಿಟ್ಟೆ.

ಆತುರಪಟ್ಟೆ. ನನ್ನ ಜನ್ಮದ ಚಾಳಿ ಅದು.

* * *

“ಇನ್ನೊಂದು ವಿಚಿತ್ರವಿದೆ,” ಎಂದ ಕಾನ್ಸಲ್. ಅವನು ಇನ್ನೂ ಗಾಜು ಬಿಟ್ಟಿರಲಿಲ್ಲ. “ಮುದ್ರೆಯನ್ನು ದಾಟುವ ಅಕ್ಷರಗಳಲ್ಲಿ ಮಾತ್ರ ಏನೋ ಸೂಕ್ಷ್ಮವಾದ ಧೂಳು ಸೇರಿಕೊಂಡಿದೆ. ಬೂದು ಬಣ್ಣ. ಬೇರೆಡೆ ಇಲ್ಲ.”

“ಏನದು?” ಎಂದರು ದಂಡಾಧಿಕಾರಿ.

“ಬೂದಿಯಂತೆ ಕಾಣುತ್ತದೆ.”

ಆ ಬೂದಿಯನ್ನು ನಾನು ಮೊದಲೇ ಕಂಡಿದ್ದೆ.

ಮುದ್ರೆಯ ಕೆಂಪಿನಲ್ಲಿ ಎಣ್ಣೆ ಇರುತ್ತದೆ. ಅದರ ಮೇಲೆ ಬರೆದರೆ ಮಸಿ ಹಿಡಿಯುವುದಿಲ್ಲ, ಹನಿಹನಿಯಾಗಿ ಒಡೆಯುತ್ತದೆ. ಅದು ನನಗೆ ಗೊತ್ತಿದ್ದದ್ದೇ ಹೊಸ ವರ್ಷದ ವಾರಂಟುಗಳನ್ನು ಬರೆಸುವಾಗ ಪಕ್ಕದಲ್ಲಿ ನಿಂತು ನೋಡಿದ್ದರಿಂದ. ನನ್ನ ಕೈಬರಹ ಕೋಳಿ ಕೆದರಿದ ಹಾಗೆ. ಅದಕ್ಕೆ ನನ್ನ ವಾರಂಟುಗಳನ್ನು ಬರೆಯುತ್ತಿದ್ದವರು ಯೆನ್ ಮೇಷ್ಟ್ರು, ನಾಲ್ಕು ಚಳಿಗಾಲ ನನಗೆ ಅಕ್ಷರ ಕಲಿಸಿದವರು.

ಅವತ್ತು ಮೇಷ್ಟ್ರು ಗೊಣಗಿಕೊಂಡೇ ದೇವರ ಮುಂದಿನ ಊದುಬತ್ತಿಯ ಬೂದಿ ಚಿಟಿಕೆ ತೆಗೆದು ಕೆಂಪಿನ ಮೇಲೆ ಉದುರಿಸಿ ಬೆರಳಿನಿಂದ ಉಜ್ಜಿದ್ದರು. ಮಸಿ ಹಿಡಿಯಿತು. ಹೆಚ್ಚಿನ ಬೂದಿಯನ್ನು ಅವರ ಮೊಮ್ಮಗಳು ಲ್ಯಾನ್ ಮೇಜಿನ ಮೇಲೆ ಬಗ್ಗಿ ಉಫ್ ಎಂದು ಊದಿದಳು. ಅವಳ ಕೊರಳ ಬೆಳ್ಳಿ ಬೀಗ ಮಸಿ ತೇಯುವ ಕಲ್ಲಿಗೆ ತಾಗಿ ಟಕ್ ಎಂದಿತು. “ತಾತ, ನನ್ನ ಮೂಗೊಳಗೆ ಹೋಯ್ತು!” ಎಂದು ಸೀನಿದಳು. ನಾವಿಬ್ಬರೂ ನಕ್ಕಿದ್ದೆವು.

ಇಂಥ ಉಪಾಯ ಮಾಡುವವರು ಲ್ಯೂಪುವಿನಲ್ಲಿ ಇನ್ನೊಬ್ಬರಿದ್ದರೆ ನನಗೆ ಗೊತ್ತಿಲ್ಲ.

ಮತ್ತೆ ಆ ಮೂರನೆಯ ಹಾಳೆ! ಅದು ಮೇಷ್ಟ್ರ ಹತ್ತಿರವೇ ಉಳಿದಿತ್ತು. ಮುದ್ರೆ ತೆರೆದ ದಿನ ಕೇಳಿದೆ. “ಇಲಿ ಕಡಿದುಬಿಟ್ಟಿತು ಕಣೋ, ದೇವಸ್ಥಾನದ ಅಕ್ಷರದ ಒಲೆಯಲ್ಲಿ ಸುಟ್ಟೆ,” ಎಂದರು. ಅಕ್ಷರ ಬಿದ್ದ ಕಾಗದವನ್ನು ನಾವು ಬೀದಿಗೆ ಎಸೆಯುವುದಿಲ್ಲ, ಭಕ್ತಿಯಿಂದ ಸುಡುತ್ತೇವೆ. ಸುಟ್ಟ ಬೂದಿಯನ್ನು ತೋರಿಸಿ ಎಂದು ಯಾವ ಶಿಷ್ಯ ತನ್ನ ಗುರುವನ್ನು ಕೇಳುತ್ತಾನೆ? ನಾನು ಹೋಗಿ ಶಾವೊಗೆ ಹೇಳಿದೆ. ಶಾವೊ ಪುಸ್ತಕದಲ್ಲಿ ‘ಸುಟ್ಟಿದೆ’ ಎಂದು ಬರೆದುಕೊಂಡ. ಶಾವೊನೂ ಮೇಷ್ಟ್ರ ಶಿಷ್ಯನೇ.

ಊರಿನ ಪ್ರತಿಯೊಬ್ಬ ಕಳ್ಳನ ಮಾತನ್ನು ತಿರುವಿ ತಿರುವಿ ನೋಡುವ ನಾನು, ಆ ಒಂದು ಮಾತನ್ನು ತಿರುವಲಿಲ್ಲ.

“ಗೆಂಗ್, ಯಾಕೆ ಬಿಳಿಚಿಕೊಂಡೆ?” ಎಂದರು ದಂಡಾಧಿಕಾರಿ.

“ನೋವು, ಮಹಾಸ್ವಾಮಿ.”

“ಪಾಪ, ನೋವು,” ಎಂದ ಕ್ವಾಂಗ್. ಅವನು ಹೆದರಿರಲಿಲ್ಲ. ಮೊದಲಿಂದಲೂ ಹೆದರಿರಲಿಲ್ಲ ಎಂದು ನನಗೆ ಹೊಳೆದದ್ದು ಆಗ. ಅವನು ಕುರ್ಚಿಯಿಂದ ಇಳಿದು ನೆಲಕ್ಕೆ ಹಣೆ ತಾಗಿಸಿದ.

“ಮಹಾಸ್ವಾಮಿ, ನಾನು ಸುಳ್ಳು ಹೇಳಿದ್ದು ನಿಜ. ನಾನು ಆ ದಿನ ಅಲ್ಲಿರಲಿಲ್ಲ. ಮುದ್ರೆ ಒತ್ತೋದನ್ನ ಕಂಡಿಲ್ಲ. ಕಂಡೆ ಅಂದದ್ದು ಯಾಕೆ ಗೊತ್ತಾ? ನಿಮ್ಮ ಕಚೇರಿ ಮಾನ ಹೋಗಬಾರದು ಅಂತ.”

“ನಮ್ಮ ಮಾನವೇ?”

“ಕಂಪನಿಗೆ ಮೋಸ ಆಗಿದೆ. ಈ ಪತ್ರ ನಮಗೆ ತಂದುಕೊಟ್ಟದ್ದು ನಿಮ್ಮ ಕಚೇರಿಯವನೇ. ಅವನ ಹೆಸರು ಹೇಳಬೇಕಾಗತ್ತಲ್ಲ ಅಂತ ಇಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದೆ.”

“ಏ!” ಎಂದು ನಾನು ಅವನತ್ತ ನುಗ್ಗಿದೆ. ಕಾನ್ಸಲ್ ಅಡ್ಡ ನಿಂತ. ನಮ್ಮ ನೆಲದಲ್ಲಿ, ನಮ್ಮ ಕಚೇರಿಯಲ್ಲಿ, ನಮ್ಮದೇ ದೇಶದ ಒಬ್ಬ ಕಳ್ಳನ ಕೊರಳಪಟ್ಟಿಗೆ ಕೈ ಹಾಕಲು ನನಗೆ ಪರದೇಶಿಯ ಅಪ್ಪಣೆ ಬೇಕು. ಕಂಪನಿಯ ಆಳು ಅವನು.

“ಪುರಾವೆ?” ಎಂದರು ದಂಡಾಧಿಕಾರಿ.

“ಬರೆದವರು ಹೊರಗೆ ನನ್ನ ಪಲ್ಲಕ್ಕೀಲಿ ಕೂತಿದ್ದಾರೆ. ನಿಮ್ಮ ದಫೇದಾರರು ಎರಡು ದಿನದಿಂದ ಖಾಲಿ ಹಾಳೆ ಬಗ್ಗೆ ವಿಚಾರಿಸ್ತಿದ್ದಾರೆ ಅಂತ ಗೊತ್ತಾಯ್ತು. ಅದಕ್ಕೆ ಕರಕೊಂಡೇ ಬಂದೆ.”

* * *

ಯೆನ್ ಮೇಷ್ಟ್ರು ಕೋಲೂರಿಕೊಂಡು ಹೊಸ್ತಿಲು ದಾಟಿದರು.

ನನಗೆ ನಲವತ್ತಾರು ವರ್ಷ. ಆದರೂ ಅವರನ್ನು ಕಂಡ ಕೂಡಲೇ ಕೈಗಳು ತಾವಾಗಿ ಅಂಗಿಯ ತೋಳಿನೊಳಗೆ ಸೇರಿದವು, ಬೆನ್ನು ಬಾಗಿತು. ಅವರು ನನ್ನತ್ತ ನೋಡಲಿಲ್ಲ. ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದರು. ಶಾಲೆಯಲ್ಲಿ ಒಂದು ಗುಂಡಿ ತಪ್ಪಿದರೆ ಅಂಗೈಗೆ ಹೊಡೆಯುತ್ತಿದ್ದ ಮನುಷ್ಯ.

“ಈ ಬರಹ ನಿಮ್ಮದೇ?” ದಂಡಾಧಿಕಾರಿಯ ದನಿ ಮೆತ್ತಗಾಯಿತು. ಬಿಳಿ ಗಡ್ಡಕ್ಕೆ, ಹಳೆಯ ಪಂಡಿತರ ನಿಲುವಿಗೆ ಮರ್ಯಾದೆ ಕೊಡಲೇಬೇಕು.

“ನನ್ನದೇ, ಮಹಾಸ್ವಾಮಿ.”

“ಮುದ್ರೆ ಇದ್ದ ಹಾಳೆಯ ಮೇಲೆ ಬರೆದಿರಾ?”

“ಹೌದು.”

“ಹಾಳೆ ಕೊಟ್ಟವರು ಯಾರು?”

ಕ್ವಾಂಗ್‌ನ ಎಡಗೈಯಲ್ಲಿ ಬೆಳ್ಳಿ ಸುತ್ತುತ್ತಲೇ ಇತ್ತು.

“ಹೇಳಿ ಮೇಷ್ಟ್ರೇ,” ಎಂದ ಕ್ವಾಂಗ್. “ವಯಸ್ಸಾದವರು, ಹೆಚ್ಚು ಹೊತ್ತು ನಿಲ್ಲಬಾರದು. ಮನೆಗೆ ಹೋಗಬೇಕಲ್ಲ.”

“ನನ್ನ ಶಿಷ್ಯ,” ಎಂದರು ಮೇಷ್ಟ್ರು. “ಗೆಂಗ್. ಅವನೇ ಕೊಟ್ಟ. ಅವನೇ ಬರೆಸಿದ. ಅವನೇ ತೆಗೆದುಕೊಂಡು ಹೋದ.”

ಅದೇ ಹೊತ್ತಿಗೆ ನದಿಯಲ್ಲಿ ತೋಪು ಹಾರಿತು. ಕಿಟಕಿಯ ಕಾಗದ ಗಡಗಡ ಅಂದಿತು. ಚಹಾದ ಬಟ್ಟಲಿನ ಮುಚ್ಚಳ ಕುಣಿಯಿತು.

ಸದ್ದು ಅಡಗಿದ ಮೇಲೆ ಕ್ವಾಂಗ್ ಮೆಲುದನಿಯಲ್ಲಿ ಉಳಿದ ಕಥೆ ಹೆಣೆದ. ಹಾಳೆ ಎಲ್ಲಿ ಹೋಯಿತೆಂದು ಶಾವೊಗೆ ಗೊತ್ತಾಗಿದೆ. ಶಾವೊ ಬಾಯಿ ಬಿಟ್ಟರೆ ದಫೇದಾರನ ಕತ್ತು ಹೋಗುತ್ತದೆ. ದಾಯ್ ದಫೇದಾರನ ಆಪ್ತ. ಒಬ್ಬನ ಕೈ, ಇನ್ನೊಬ್ಬನ ದೋಣಿ. “ತಪ್ಪೊಪ್ಪಿಗೆ ಹೊರಡಿಸದೆ ಇಪ್ಪತ್ತು ಏಟು ತಿಂದದ್ದು ಯಾಕೆ ಅಂತ ಈಗ ಅರ್ಥ ಆಯ್ತಲ್ಲ, ಮಹಾಸ್ವಾಮಿ?”

ಎಷ್ಟು ಸಲೀಸಾಗಿ ಕೂಡಿಕೊಂಡಿತು! ನಾನೇ ಆ ಕುರ್ಚಿಯಲ್ಲಿ ಕೂತಿದ್ದರೆ ನಾನೂ ನಂಬುತ್ತಿದ್ದೆ.

“ಪುಸ್ತಕ ತನ್ನಿ,” ಎಂದರು ದಂಡಾಧಿಕಾರಿ. ತಂದರು. ನನ್ನ ಹೆಸರಿನ ಮುಂದೆ ಮೂರು. ಎರಡು ಬಳಕೆ. ಒಂದು ‘ಸುಟ್ಟಿದೆ’. ಬರೆದವನು ಸತ್ತವನು.

“ಇವನ ಸೊಂಟದ ಅಧಿಕಾರದ ಬಿಲ್ಲೆ ತೆಗೆಸಿ,” ಎಂದರು.

ನನ್ನ ಕೈಕೆಳಗಿನ ಪೇದೆ ಹು ಬಂದ. ಹತ್ತು ವರ್ಷ ನನ್ನ ಜೊತೆ ಅನ್ನ ತಿಂದವನು. “ಅಣ್ಣ, ನಾನೇನು ಮಾಡ್ಲಿ…” ಎಂದು ಗೊಣಗುತ್ತ ಬಿಲ್ಲೆಯ ದಾರ ಬಿಚ್ಚಿದ. ಅಂಗಳದಲ್ಲಿ ದಾಯ್‌ನ ಹೆಂಡತಿ ಕೂಗಿದ್ದು ಕೇಳಿಸಿತು. ಹಿಂದೆಯೇ ಗಂಜಿಯ ಬಟ್ಟಲು ಕಲ್ಲಿನ ಮೇಲೆ ಬಿದ್ದು ಒಡೆಯಿತು.

“ಮೇಷ್ಟ್ರೇ,” ಎಂದೆ. “ನನ್ನ ಮುಖ ನೋಡಿ ಹೇಳಿ. ಒಂದೇ ಸಲ.”

ಅವರು ನೋಡಲಿಲ್ಲ. ತಲೆ ತಗ್ಗಿಸಲೂ ಇಲ್ಲ. ಒಳಗೆ ಬಂದಾಗಿನಿಂದ ಅವರ ಕಣ್ಣು ಒಂದೇ ಕಡೆ ನೆಟ್ಟಿತ್ತು. ದಂಡಾಧಿಕಾರಿಯ ಮೇಲಲ್ಲ, ಪತ್ರದ ಮೇಲಲ್ಲ. ಕ್ವಾಂಗ್‌ನ ಎಡಗೈಯ ಮೇಲೆ.

ನಾನೂ ಅಲ್ಲಿ ನೋಡಿದೆ.

ನಾನು ನೋಡಲೆಂದೇ ಕಾದಿದ್ದವನಂತೆ ಕ್ವಾಂಗ್ ಬೆರಳು ಬಿಡಿಸಿದ.

ಬೆಳ್ಳಿ ಬೀಗ. ಮಕ್ಕಳ ಕೊರಳಿಗೆ ಆಯುಷ್ಯ ಗಟ್ಟಿಯಾಗಲೆಂದು ಕಟ್ಟುವುದು. ಸ್ನಾನಕ್ಕೂ ಬಿಚ್ಚುವುದಿಲ್ಲ, ನಿದ್ದೆಗೂ ಬಿಚ್ಚುವುದಿಲ್ಲ. ಅದರ ಒಂದು ಮೂಲೆ ತಗ್ಗಾಗಿತ್ತು. ಆ ತಗ್ಗು ನನ್ನ ಹಲ್ಲಿನದು. ಐದು ವರ್ಷದ ಹಿಂದೆ, ಲ್ಯಾನ್ ಹುಟ್ಟಿ ತಿಂಗಳು ತುಂಬಿದ ದಿನ ಕೊಡಲೆಂದು, ಅಕ್ಕಸಾಲಿಯನ್ನು ನಂಬದೆ ಅಂಗಡಿಯಲ್ಲೇ ಕಚ್ಚಿ ನೋಡಿದ್ದೆ. “ಮಗುವಿನ ಆಯುಷ್ಯ ಕಚ್ಚಿ ನೋಡೋನು ನೀನೊಬ್ಬನೇ ಕಣೋ,” ಎಂದು ಮೇಷ್ಟ್ರು ಬೈದಿದ್ದರು.

ಬೆಳಗ್ಗೆ ಹಾಕಿದ್ದ ಬಾಗಿಲು. ಪಾಠವಿಲ್ಲದ ಶಾಲೆ.

“ಗೆಂಗ್ ದಾಕ್ವಿ,” ದಂಡಾಧಿಕಾರಿ ನನ್ನನ್ನು ಪೂರ್ತಿ ಹೆಸರಿನಿಂದ ಕರೆದರು. “ಇವರ ಮಾತು ಸುಳ್ಳಾದರೆ ಈಗಲೇ ಹೇಳು. ಇಲ್ಲವಾದರೆ ನಿನ್ನನ್ನೂ ದಾಯ್‌ನನ್ನೂ ಒಂದೇ ಕಾಗದದಲ್ಲಿ ಮರಣದಂಡನೆಗೆ ಮೇಲಿನವರಿಗೆ ಬರೆದು ಕಳಿಸುತ್ತೇನೆ.”

ಅಂಗಳದಲ್ಲಿ ದಾಯ್ ಹಲಗೆಯ ಮೇಲಿಂದ ಕತ್ತು ಚಾಚಿ ನನ್ನ ಬಾಯಿಯನ್ನೇ ನೋಡುತ್ತಿದ್ದ.

ನಾನು ಬಾಯಿ ತೆರೆದೆ.

ಕ್ವಾಂಗ್‌ನ ಬೆರಳುಗಳು ಬೀಗದ ಮೇಲೆ ಒಂದೊಂದಾಗಿ, ಮೆಲ್ಲಗೆ, ಮುಚ್ಚಿಕೊಳ್ಳತೊಡಗಿದವು.